ಗಿಟಾರ್ ಒಂದು ಕಡೆ, ಟ್ಯೂಬ್‌ಲೈಟ್ ಇನ್ನೊಂದು ಕಡೆ: ಹಾಡುತ್ತಲೇ ಹೊಡೆದಾಡುವ ಬ್ಯಾಂಡಿನ ಕಥೆ

ಟ್ಯೂಬ್‌ಲೈಟ್ ಕೈಜಾರಿ ಬಿದ್ದರೆ ಎಂಥ ಸದ್ದು ಬರುತ್ತದೆ ಅಂತ ನಮಗೆಲ್ಲ ಗೊತ್ತು. ಪಟಾಕಿಯಂತೆ ಡಬ್ ಅನ್ನುತ್ತದೆ, ಬಿಳಿ ಪುಡಿ ಏಳುತ್ತದೆ. ಹಿಂದೆಯೇ ಒಳಗಿನಿಂದ ಅಮ್ಮನ ಕೂಗು: "ಬರಿಗಾಲಲ್ಲಿ ಬರಬೇಡ್ರೋ, ಚಪ್ಪಲಿ ಹಾಕ್ಕೊಳ್ಳಿ!"

ಈಗ ಅಂಥದೇ ಟ್ಯೂಬ್‌ಲೈಟನ್ನು ಒಬ್ಬ ಗಾಯಕ ತನ್ನದೇ ಬ್ಯಾಂಡಿನವನ ತಲೆ ಮೇಲೆ ಒಡೆಯುವುದನ್ನು ಊಹಿಸಿಕೊಳ್ಳಿ. ಡ್ರಮ್ಸ್ ನಿಲ್ಲುವುದಿಲ್ಲ. ಗಿಟಾರ್ ನಿಲ್ಲುವುದಿಲ್ಲ. ಏಟು ತಿಂದವನ ಹಣೆಯಿಂದ ರಕ್ತ ಇಳಿಯುತ್ತಿದೆ. ಎದುರಿಗಿರುವ ಜನ ಖುಷಿಯಿಂದ ಕಿರುಚುತ್ತಿದ್ದಾರೆ.

ಇಂಥ ಅರ್ಧ ನಿಮಿಷದ ವಿಡಿಯೊ ಫೋನಿನಲ್ಲಿ ಕಂಡಾಗ ಯಾರಿಗಾದರೂ ಮೂರು ಅನುಮಾನ ಬರುತ್ತದೆ. ಇದು ನಿಜವಾ? ಇವರಿಗೆ ತಲೆ ಸರಿ ಇದೆಯಾ? ಇಷ್ಟಕ್ಕೂ ಇದು ಹಾಡಾ, ಕುಸ್ತಿಯಾ? ಅಮೆರಿಕದ ಫಿಲಡೆಲ್ಫಿಯಾದ "ಈಟ್ ದ ಟರ್ನ್‌ಬಕಲ್" ಅನ್ನುವ ಬ್ಯಾಂಡನ್ನು ಮುಂದಿಟ್ಟುಕೊಂಡು ಈ ಮೂರಕ್ಕೂ ಉತ್ತರ ಹುಡುಕೋಣ. ಹಾರ್ಡ್‌ಕೋರ್ ಪಂಕ್, ಮೆಟಲ್ ಅನ್ನುವ ಅಬ್ಬರದ ರಾಕ್ ಬಗೆಗಳು ಬೆರೆತ ಸಂಗೀತ ಇವರದು. ಮುಳ್ಳುತಂತಿ, ಟ್ಯೂಬ್‌ಲೈಟ್‌ಗಳ ಹೊಡೆದಾಟವೂ ಇವರದೇ. ಮುಖ್ಯ ಗಾಯಕ "ಶ್ಲಾಕ್" ಅನ್ನುವ ಹೆಸರಿನಲ್ಲಿ ಕುಸ್ತಿ ರಿಂಗಿಗೂ ಇಳಿಯುವವನು. ಹಾಗಾಗಿ ಇದು ಹಾಡುಗಾರರು ಕುಸ್ತಿಯ ವೇಷ ಹಾಕಿಕೊಂಡ ಕಥೆ ಅಲ್ಲ.

ಏನಿದು ಟರ್ನ್‌ಬಕಲ್?

ಕುಸ್ತಿಯ ರಿಂಗಿನ ನಾಲ್ಕು ಮೂಲೆಯಲ್ಲಿ ಕಂಬಗಳಿರುತ್ತವೆ. ಹಗ್ಗವನ್ನು ಆ ಕಂಬಕ್ಕೆ ಬಿಗಿಯುವ ತಿರುಪಿನ ಕಬ್ಬಿಣದ ತುಂಡೇ ಟರ್ನ್‌ಬಕಲ್. ಯಾರಾದರೂ ಬಂದು ಅಪ್ಪಳಿಸಿದರೆ ಪೆಟ್ಟಾಗದಿರಲಿ ಅಂತ ಅದರ ಮೇಲೊಂದು ಮೆತ್ತೆ ಕಟ್ಟಿರುತ್ತಾರೆ. ಬ್ಯಾಂಡಿನ ಹೆಸರನ್ನು ಕನ್ನಡಕ್ಕೆ ತಂದರೆ "ಟರ್ನ್‌ಬಕಲ್ ತಿನ್ನು" ಅಂತಾಗುತ್ತದೆ.

ಹಳೇ ಕುಸ್ತಿ ಅಭಿಮಾನಿಗಳಿಗೆ ಇದನ್ನು ಕೇಳಿದ ಕೂಡಲೇ ಜಾರ್ಜ್ "ದಿ ಅನಿಮಲ್" ಸ್ಟೀಲ್ ನೆನಪಾಗದೇ ಇರುವುದಿಲ್ಲ. ಮೈತುಂಬ ರೋಮ, ಬೋಳು ತಲೆ, ಹಸಿರು ನಾಲಿಗೆ. ರಿಂಗಿಗೆ ಬಂದವನೇ ಆ ಮೆತ್ತೆಯನ್ನು ಹಲ್ಲಲ್ಲಿ ಸಿಗಿದು ಒಳಗಿನ ಹತ್ತಿಯನ್ನು ಬಾಯಿಗೆ ತುಂಬಿಕೊಳ್ಳುತ್ತಿದ್ದ. ಸರಿಯಾಗಿ ಮಾತೂ ಬಾರದ ಕಾಡುಮನುಷ್ಯ ಅನ್ನುವುದು ಅವನ ಪಾತ್ರ. ರಿಂಗಿನ ಹೊರಗೆ ಅವನು ಮಿಷಿಗನ್ ರಾಜ್ಯದಲ್ಲಿ ಶಾಲಾ ಮೇಷ್ಟ್ರು. ವರ್ಷವೆಲ್ಲ ಪಾಠ ಮಾಡಿ, ರಜಾ ಬಂದಾಗ ಮೃಗವಾಗುತ್ತಿದ್ದ. ಈ ಮೇಷ್ಟ್ರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬರುವುದೆಲ್ಲ ಅರ್ಥವಾಗಲು ಅವನು ಬೇಕಾಗುತ್ತಾನೆ.

ಮೊದಲು ಕುಸ್ತಿ: ಗೆಲ್ಲುವವರು ಯಾರಂತ ಮೊದಲೇ ನಿರ್ಧಾರ

ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಗೊತ್ತಿಲ್ಲದೇ ಇಲ್ಲ. ಟಿವಿಯಲ್ಲಿ ಅಂಡರ್‌ಟೇಕರ್, ಜೇಬಿನಲ್ಲಿ ಟ್ರಂಪ್ ಕಾರ್ಡ್. ಎತ್ತರ, ತೂಕ, ಎದೆಯ ಅಳತೆ ಹೇಳಿ ಎದುರಿನವನ ಕಾರ್ಡ್ ಕಿತ್ತುಕೊಳ್ಳುವ ಆಟ. "ಅದೆಲ್ಲ ಸುಳ್ಳು ಕಣೋ, ನಾಟಕ" ಅಂತ ಮನೆಯಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಿದ್ದರು.

ಹಾಗೆ ಹೇಳಿದವರ ಮಾತು ಅರ್ಧ ಸರಿ. ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. 1989ರಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಕಂಪನಿಯೇ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಇದನ್ನು ಒಪ್ಪಿಕೊಂಡಿತು. ಕ್ರೀಡೆ ಅಂದರೆ ಸರ್ಕಾರಿ ಕ್ರೀಡಾ ಆಯೋಗದ ನಿಯಮ, ತೆರಿಗೆ ಎಲ್ಲ ಬರುತ್ತದೆ. ಮನರಂಜನೆ ಅಂದರೆ ಆ ಕಾಟ ಇಲ್ಲ. ದಶಕಗಳ ಕಾಲ ಕಾಪಾಡಿಕೊಂಡು ಬಂದ ಗುಟ್ಟು ಒಂದು ತೆರಿಗೆ ಲೆಕ್ಕಕ್ಕೆ ಬಯಲಾಯಿತು!

ಆ ಗುಟ್ಟಿಗೆ ಕುಸ್ತಿಯವರ ಭಾಷೆಯಲ್ಲಿ "ಕೇಫೇಬ್" ಅಂತ ಹೆಸರು. ರಿಂಗಿನ ಜಗಳ, ದ್ವೇಷ, ಸ್ನೇಹ ಎಲ್ಲವನ್ನೂ ಹೊರಗಡೆಯೂ ನಿಜವೆಂಬಂತೆ ನಡೆಸಿಕೊಂಡು ಹೋಗುವುದು. ವೈರಿಗಳಾಗಿ ಕಾಣಿಸಿಕೊಂಡವರು ಒಂದೇ ಕಾರಿನಲ್ಲಿ ಹೋಗುವುದೂ ತಪ್ಪು ಅನ್ನುವಷ್ಟು ಕಟ್ಟುನಿಟ್ಟು ಇತ್ತು.

ಆದರೆ "ಸುಳ್ಳು" ಅನ್ನುವ ಮಾತು ಇಲ್ಲಿ ಪೂರ್ತಿ ಹೊಂದುವುದಿಲ್ಲ. ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೀಚಕವಧೆ ಪ್ರಸಂಗಕ್ಕೆ ಹೋದವರಿಗೆ ಕೀಚಕ ಸಾಯುತ್ತಾನೆ ಅಂತ ಗೊತ್ತೇ ಇರುತ್ತದೆ. ಅದಕ್ಕೆ ಯಾರೂ "ಮೋಸ" ಅನ್ನುವುದಿಲ್ಲ. ಕೊನೆ ಗೊತ್ತು, ನಡುವಿನ ಮಾತು ಮಾತ್ರ ಅಲ್ಲೇ ಹುಟ್ಟುವುದು. ವೇಷಧಾರಿ ಅರ್ಥ ಹೇಳುತ್ತ ಹೇಳುತ್ತ ಎದುರಿನವನನ್ನು ಕೆಣಕುತ್ತಾನೆ, ಜನರ ಹುರುಪು ನೋಡಿ ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ರಿಂಗಿನಲ್ಲೂ ಹೀಗೇ. ಕೊನೆ ನಿಗದಿ, ನಡುವಿನದು ಬಹಳ ಸಲ ಅಲ್ಲೇ ಕಟ್ಟಿದ್ದು. ಇಬ್ಬರೂ ಪಟ್ಟು ಹಿಡಿದುಕೊಂಡಾಗ ಕಿವಿಯಲ್ಲಿ ಮುಂದಿನ ಪಟ್ಟು ಪಿಸುಗುಟ್ಟುತ್ತಾರೆ. ರೆಫ್ರಿ ಸುಮ್ನೆ ಎಣಿಸುವವನಲ್ಲ. "ಐದು ನಿಮಿಷ ಉಳಿದಿದೆ" ಅಂತ ಸುದ್ದಿ ಮುಟ್ಟಿಸುವವನೂ ಅವನೇ. ಒಂಥರಾ ಭಾಗವತರ ಕೆಲಸ.

ಮೈಗೆ ಬೀಳುವ ಪೆಟ್ಟಂತೂ ಸುಳ್ಳಲ್ಲ. ಮೇಲಿನಿಂದ ಬೀಳುವಾಗ ಇಡೀ ಬೆನ್ನು ಒಟ್ಟಿಗೆ ನೆಲಕ್ಕೆ ತಾಗುವಂತೆ ಬೀಳಬೇಕು, ಆಗ ಏಟು ಹಂಚಿಹೋಗುತ್ತದೆ. ಕುಸ್ತಿ ಶಾಲೆಯಲ್ಲಿ ಕಲಿಸುವ ಮೊದಲ ಪಾಠಗಳಲ್ಲಿ ಒಂದು ಈ ಬೀಳುವ ಪಾಠ.

ಡೆತ್‌ಮ್ಯಾಚ್: ಮಿಸಿಸಿಪ್ಪಿಯಿಂದ ಟೋಕಿಯೊಗೆ, ಅಲ್ಲಿಂದ ವಾಪಸ್

ಕುಸ್ತಿಯಲ್ಲೇ ಒಂದು ಉಗ್ರ ಪಂಗಡ ಡೆತ್‌ಮ್ಯಾಚ್. ಹೆಸರಲ್ಲಿ ಸಾವು ಇದ್ದರೂ ಸಾಯುವವರೆಗೆ ಆಡುವ ಆಟ ಅಲ್ಲ. ಮುಳ್ಳುತಂತಿ, ಗಾಜು, ಬೋರ್ಡ್ ಪಿನ್ನು, ಟ್ಯೂಬ್‌ಲೈಟು, ಬೆಂಕಿ ಇವನ್ನೆಲ್ಲ ಬಳಸಬಹುದಾದ ಪಂದ್ಯ ಅಷ್ಟೇ. ("ಅಷ್ಟೇ" ಅಂದದ್ದು ಸ್ವಲ್ಪ ಜಾಸ್ತಿಯಾಯಿತೇನೋ.)

ಇದರ ಬೇರು ಹಿಡಿದು ಹೊರಟರೆ ತಮಾಷೆಯ ಜಾಗಕ್ಕೆ ಹೋಗುತ್ತೇವೆ. 1979ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಟುಪೆಲೊ ಎಂಬ ಊರಿನಲ್ಲಿ ಒಂದು ಪಂದ್ಯ ನಡೆಯಿತು. ಹೊಡೆದಾಟ ರಿಂಗು ಬಿಟ್ಟು ಹೊರಗೆ ಬಂತು, ತಿಂಡಿ ಮಾರುವ ಅಂಗಡಿಯೊಳಗೆ ನುಗ್ಗಿತು. ಸಾಸಿವೆ ಸಾಸಿನ ಡಬ್ಬಿ, ತಟ್ಟೆ, ಮೇಜು, ಕೈಗೆ ಸಿಕ್ಕಿದ್ದೆಲ್ಲ ಆಯುಧ. ಒಂದೆರಡು ವರ್ಷದಲ್ಲಿ ಅಲ್ಲೇ ಇಂಥದೇ ಇನ್ನೊಂದು ನಡೆದಾಗ ಅದರಲ್ಲಿ ಒಬ್ಬ ಜಪಾನಿ ಹುಡುಗನೂ ಇದ್ದ. ಅವನ ಹೆಸರು ಅಟ್ಸುಶಿ ಒನಿಟಾ.

ಒನಿಟಾಗೆ ಆಮೇಲೆ ಮೊಣಕಾಲಿಗೆ ಕೆಟ್ಟ ಪೆಟ್ಟು ಬಿತ್ತು. ಹಾರುವ, ಜಿಗಿಯುವ ಕುಸ್ತಿ ಇನ್ನು ಆಗದು. ಕಾಲು ಕೈಕೊಟ್ಟವನು ಜನರನ್ನು ಹೇಗೆ ಕರೆಸುವುದು? 1989ರಲ್ಲಿ ಅವನು ಎಫ್‌ಎಂಡಬ್ಲ್ಯೂ ಅನ್ನುವ ತನ್ನದೇ ಕಂಪನಿ ಶುರುಮಾಡಿದ. ರಿಂಗಿನ ಹಗ್ಗ ಬಿಚ್ಚಿ ಮುಳ್ಳುತಂತಿ ಕಟ್ಟಿದ. 1990ರ ಆಗಸ್ಟ್‌ನಲ್ಲಿ ಟೋಕಿಯೊದ ಶಿಯೊಡೊಮೆಯಲ್ಲಿ ಆ ಮುಳ್ಳುತಂತಿಗೆ ಸಿಡಿಮದ್ದನ್ನೂ ಕಟ್ಟಿ, ಟಾರ್ಜನ್ ಗೋಟೊ ಎಂಬವನ ಜೊತೆ ಆಡಿದ. ತಂತಿಗೆ ತಾಗಿದರೆ ಸ್ಫೋಟ. ಜನ ಕಿಕ್ಕಿರಿದರು. 1993ರ ಹೊತ್ತಿಗೆ ಕವಾಸಾಕಿ ಸ್ಟೇಡಿಯಂ ತುಂಬಿಸುವಷ್ಟು ದೊಡ್ಡವನಾದ.

ಜಪಾನಿನಲ್ಲಿ ಇದಕ್ಕೆ ಪೈಪೋಟಿಯೂ ಶುರುವಾಯಿತು. 1995ರಲ್ಲಿ ಹುಟ್ಟಿದ ಬಿಗ್ ಜಪಾನ್ ಎಂಬ ಕಂಪನಿ ಟ್ಯೂಬ್‌ಲೈಟ್ ಪಂದ್ಯಗಳಿಗೆ ಹೆಸರಾಯಿತು. 1996ರಲ್ಲಿ ಇವರು ರಿಂಗಿನ ನಡುವೆ ಪಿರಾನ್ಹಾ ಮೀನುಗಳ ತೊಟ್ಟಿಯನ್ನೇ ಇಟ್ಟಿದ್ದರು! ಮನುಷ್ಯ ಮಾಂಸ ಕೀಳುತ್ತವೆ ಅಂತ ಪ್ರಸಿದ್ಧವಾದ ಮೀನುಗಳು.

ಈ ಪಂದ್ಯಗಳ ವಿಡಿಯೊ ಕ್ಯಾಸೆಟ್‌ಗಳು ಕೈಯಿಂದ ಕೈಗೆ ದಾಟಿ ಅಮೆರಿಕ ತಲುಪಿದವು. ಟುಪೆಲೊದ ತಿಂಡಿ ಅಂಗಡಿಯ ಜಗಳ ಜಪಾನಿಗೆ ಹೋಗಿ, ಸಿಡಿಮದ್ದು ಕಟ್ಟಿಕೊಂಡು ಊರಿಗೆ ವಾಪಸ್ ಬಂದ ಹಾಗಾಯಿತು.

ರಕ್ತ ನಿಜವಾ?

ನಿಜ. ಬಣ್ಣದ ನೀರಲ್ಲ.

ರಕ್ತ ಬರಿಸುವುದಕ್ಕೆ ಹಳೆಯ ವಿಧಾನವೊಂದಿದೆ: ಬ್ಲೇಡಿಂಗ್. ಬ್ಲೇಡಿನ ಸಣ್ಣ ಚೂರನ್ನು ಬೆರಳಿನ ಅಥವಾ ಮಣಿಕಟ್ಟಿನ ಟೇಪಿನೊಳಗೆ ಸಿಕ್ಕಿಸಿಕೊಂಡಿರುತ್ತಾರೆ. ಏಟು ಬಿದ್ದಂತೆ ಕೆಳಗೆ ಬಿದ್ದು, ಮುಖ ಮುಚ್ಚಿಕೊಂಡಾಗ ಹಣೆಯ ಮೇಲೆ ಒಂದು ಗೀರು. ಹಣೆಯೇ ಯಾಕೆ? ಅಲ್ಲಿ ಚರ್ಮದ ಅಡಿಯಲ್ಲೇ ಸಣ್ಣ ರಕ್ತನಾಳಗಳು ತುಂಬ ಇರುತ್ತವೆ. ಗಾಯ ಚಿಕ್ಕದಾದರೂ ರಕ್ತ ಧಾರಾಳ. ಬೆವರಿನ ಜೊತೆ ಬೆರೆತರೆ ಇಡೀ ಮುಖ ಕೆಂಪು. ಮಕ್ಕಳು ಬಿದ್ದು ತಲೆ ಒಡೆದುಕೊಂಡಾಗ ಮನೆಯವರು ಹೌಹಾರಿ ಆಸ್ಪತ್ರೆಗೆ ಓಡಿ, ಅಲ್ಲಿ ನೋಡಿದರೆ ಎರಡೇ ಹೊಲಿಗೆ. ಅದರ ಗುಟ್ಟೂ ಇದೇ.

ತಲೆಯ ರಕ್ತಕ್ಕೂ ಕುಸ್ತಿಗೂ ನಂಟು ನಮ್ಮಲ್ಲೂ ಹಳೆಯದು. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜಟ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ವಜ್ರಮುಷ್ಟಿ ತೊಟ್ಟು ಸೆಣಸುತ್ತಾರೆ. ಒಬ್ಬರ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಅದು ಆಚರಣೆ, ಇದು ಪ್ರದರ್ಶನ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗದು. ಆದರೆ ಜಟ್ಟಿ ಕಾಳಗದಲ್ಲಿ ಮೊದಲ ಹನಿ ಬಿದ್ದಾಗ ಆಟ ನಿಲ್ಲುತ್ತದೆ, ಡೆತ್‌ಮ್ಯಾಚಿನಲ್ಲಿ ಅಲ್ಲಿಂದಲೇ ಶುರುವಾಗುತ್ತದೆ ಅನ್ನುವುದು ನನಗೆ ಕುತೂಹಲ ಅನ್ನಿಸಿತು.

ಟ್ಯೂಬ್‌ಲೈಟಿಗೆ ಬಂದರೆ ಬ್ಲೇಡು ಬೇಕಾಗಿಲ್ಲ. ಹಳೇ ಮಾದರಿಯ ಟ್ಯೂಬಿನ ಗಾಜು ತೀರ ತೆಳು. ಒಳಗೆ ಗಾಳಿಯ ಒತ್ತಡ ತುಂಬ ಕಡಿಮೆ. ಒಡೆದಾಗ ಹೊರಗಿನ ಗಾಳಿ ಒಮ್ಮೆಲೇ ಒಳನುಗ್ಗುತ್ತದೆ, ಅದಕ್ಕೇ ಆ ಡಬ್ ಸದ್ದು. ಒಳಗೆ ಬಳಿದ ಬಿಳಿ ಪುಡಿ ಹೊಗೆಯಂತೆ ಏಳುತ್ತದೆ. ದೂರದಲ್ಲಿ ಕೂತವನಿಗೂ ಕಾಣಬೇಕು, ಕೇಳಬೇಕು ಅಂದರೆ ಇದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ಗಾಜು ಸುಲಭವಾಗಿ ಒಡೆಯುವುದರಿಂದ ಏಟಿನ ಭಾರ ದೊಣ್ಣೆಯಷ್ಟು ಇರುವುದಿಲ್ಲ, ಆದರೆ ಚರ್ಮ ಕೊಯ್ಯುವುದು ಖಂಡಿತ. ಹಾಗಾಗಿ ಇವರು ಅನುಭವಿಸುವುದು ಹೆಚ್ಚಾಗಿ ಮೇಲ್ಮೈ ಗಾಯ. ಬೆನ್ನ ತುಂಬ ಗೀರು, ವರ್ಷಗಳಾದ ಮೇಲೆ ಗೀರಿನ ಮೇಲೆ ಗೀರು.

ಇನ್ನು ಹಾರ್ಡ್‌ಕೋರ್ ಸಂಗೀತ

ಪಂಕ್ ಹುಟ್ಟಿದ್ದು 1970ರ ದಶಕದ ನಡುವಿನಲ್ಲಿ, ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ. ಆಗಿನ ರಾಕ್ ಸಂಗೀತ ದೊಡ್ಡ ದೊಡ್ಡ ಸ್ಟೇಡಿಯಂ, ಉದ್ದುದ್ದ ಗಿಟಾರ್ ಆಲಾಪಗಳ ಕಡೆ ಹೋಗಿತ್ತು. ಪಂಕ್ ಹುಡುಗರು ಅದನ್ನೆಲ್ಲ ಕತ್ತರಿಸಿ ಎಸೆದರು. ಮೂರು ಸ್ವರಗುಚ್ಛ, ಎರಡು ನಿಮಿಷ, ಮುಗೀತು. ರಾಮೋನ್ಸ್ ಬ್ಯಾಂಡಿನ 1976ರ ಮೊದಲ ಆಲ್ಬಂನಲ್ಲಿ 14 ಹಾಡುಗಳಿವೆ, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ.

ಹಾರ್ಡ್‌ಕೋರ್ ಅಂದರೆ ಅದನ್ನೂ ಬಿಗಿ ಮಾಡಿದ್ದು. 1980ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲಾಗ್, ವಾಷಿಂಗ್ಟನ್ನಿನ ಬ್ಯಾಡ್ ಬ್ರೇನ್ಸ್, ಮೈನರ್ ಥ್ರೆಟ್ ಇದನ್ನು ರೂಪಿಸಿದವು. ಜಾತ್ರೆಯಲ್ಲಿ ತಮಟೆಯವರು ನಿಧಾನವಾಗಿ ಶುರುಮಾಡಿ, ಪೆಟ್ಟು ಏರಿಸುತ್ತ ಏರಿಸುತ್ತ ಕೊನೆಗೆ ಕುಣಿಯುವವನ ಕಾಲು ನೆಲ ಬಿಡುವ ಒಂದು ಹಂತ ಬರುತ್ತದಲ್ಲ, ಹಾರ್ಡ್‌ಕೋರ್ ಹಾಡು ಶುರುವಾಗುವುದೇ ಅಲ್ಲಿಂದ. ಹಾಡುವುದಕ್ಕಿಂತ ಕೂಗುವುದು ಜಾಸ್ತಿ. ನಡುವೆ ಒಮ್ಮೆಲೇ ವೇಗ ಇಳಿದು ಭಾರವಾದ ಹೆಜ್ಜೆಗಳಂಥ ಭಾಗ ಬರುತ್ತದೆ. ಅದಕ್ಕೆ ಬ್ರೇಕ್‌ಡೌನ್ ಅಂತಾರೆ. ಜನ ಒಬ್ಬರ ಮೇಲೊಬ್ಬರು ಅಪ್ಪಳಿಸಿಕೊಂಡು ಕುಣಿಯುವುದು ಜೋರಾಗುವುದು ಆಗಲೇ. ಆ ಕುಣಿತದ ಜಾಗವೇ ಮಾಷ್ ಪಿಟ್.

ಹೊರಗಿನಿಂದ ನೋಡಿದರೆ ಪಿಟ್ ಬರೀ ಹೊಡೆದಾಟ. ಒಳಗೆ ಒಂದು ಕಟ್ಟಳೆಯಿದೆ: ಯಾರಾದರೂ ಕೆಳಗೆ ಬಿದ್ದರೆ ಪಕ್ಕದಲ್ಲಿದ್ದವರು ಕೂಡಲೇ ಎತ್ತಬೇಕು. ಎತ್ತುತ್ತಾರೆ ಕೂಡ.

ಇನ್ನೊಂದು ಮುಖ್ಯ ಸಂಗತಿ, ಇಲ್ಲಿ ವೇದಿಕೆಗೂ ಜನಕ್ಕೂ ನಡುವೆ ಬೇಲಿ ಇಲ್ಲ. ಗಾಯಕ ಮೈಕನ್ನು ಜನರ ಬಾಯಿಗೆ ಹಿಡಿಯುತ್ತಾನೆ, ಕೇಳಲು ಬಂದವನು ವೇದಿಕೆ ಹತ್ತಿ ಜನರ ಮೇಲೆ ಜಿಗಿಯುತ್ತಾನೆ. ರೆಕಾರ್ಡು ಒತ್ತಿಸುವುದು, ಪೋಸ್ಟರ್ ಅಂಟಿಸುವುದು, ವ್ಯಾನ್ ಓಡಿಸುವುದು ಎಲ್ಲ ಬ್ಯಾಂಡಿನವರೇ. ದೊಡ್ಡ ಕಂಪನಿಗಳ ಹಂಗು ಬೇಡ ಅನ್ನುವುದು ಈ ಸಂಗೀತದ ಮೊದಲ ಮಾತು.

ಫಿಲಡೆಲ್ಫಿಯಾನೇ ಯಾಕೆ?

ಕುಸ್ತಿಯಲ್ಲೂ "ಹಾರ್ಡ್‌ಕೋರ್" ಅನ್ನುವ ಮಾತಿದೆ. ಅದು ಬಂದದ್ದು ಸಂಗೀತದ ನಂತರ, 1990ರ ದಶಕದಲ್ಲಿ. ಕುರ್ಚಿ, ಮೇಜು, ಕಸದ ಡಬ್ಬಿ ಎಲ್ಲ ಬಳಸಬಹುದಾದ ಕುಸ್ತಿಗೆ ಹಾಗನ್ನುತ್ತಿದ್ದರು. ಡೆತ್‌ಮ್ಯಾಚ್ ಅದರ ತುತ್ತತುದಿ. ಈ ಎರಡು ಹಾರ್ಡ್‌ಕೋರುಗಳೂ ಗಟ್ಟಿಯಾಗಿ ಬೇರುಬಿಟ್ಟ ಊರು ಫಿಲಡೆಲ್ಫಿಯಾ.

ದಕ್ಷಿಣ ಫಿಲಡೆಲ್ಫಿಯಾದಲ್ಲಿ, ಹೆದ್ದಾರಿಯ ಪಕ್ಕ, ಗೋದಾಮಿನಂಥ ಒಂದು ಕಟ್ಟಡವಿತ್ತು. ವಯಸ್ಸಾದವರು ಬಂದು ಬಿಂಗೊ ಆಡುತ್ತಿದ್ದ ಹಾಲ್, ನಮ್ಮ ಕಡೆ ಹೌಸಿ ಅಂತೀವಲ್ಲ, ಅದೇ. 1990ರ ದಶಕದಲ್ಲಿ ಇಸಿಡಬ್ಲ್ಯೂ ಅನ್ನುವ ಕುಸ್ತಿ ಕಂಪನಿ ಅಲ್ಲೇ ಠಿಕಾಣಿ ಹೂಡಿತು. 1994ರಲ್ಲಿ ತನ್ನ ಹೆಸರಿನ "ಈಸ್ಟರ್ನ್" ಕಿತ್ತು "ಎಕ್ಸ್‌ಟ್ರೀಮ್" ಸೇರಿಸಿಕೊಂಡಿತು. ಅಲ್ಲಿನ ಪ್ರೇಕ್ಷಕರು ಬೇರೆಯದೇ ಜಾತಿ. ಮನೆಯಿಂದ ಬಾಣಲೆ, ತವಾ, ಕೈಗೆ ಸಿಕ್ಕಿದ್ದು ತಂದು "ಇದರಲ್ಲಿ ಹೊಡಿ" ಅಂತ ಕುಸ್ತಿಪಟುಗಳ ಕೈಗೆ ಕೊಡುತ್ತಿದ್ದರು. ಸ್ಯಾಂಡ್‌ಮನ್ ಎಂಬವನು ಜನರ ಮಧ್ಯದಿಂದಲೇ ಬರುತ್ತ, ಬಿಯರ್ ಕುಡಿದು ಆ ಡಬ್ಬಿಯನ್ನು ತನ್ನ ಹಣೆಗೇ ಕುಟ್ಟಿಕೊಂಡು ರಕ್ತ ಬರಿಸಿಕೊಳ್ಳುತ್ತಿದ್ದ. ಪಂದ್ಯ ಇನ್ನೂ ಶುರುವಾಗಿರುತ್ತಿರಲಿಲ್ಲ!

ಸಂಗೀತದ ಕೊಂಡಿಯೂ ಅಲ್ಲೇ ಸಿಗುತ್ತದೆ. ಸಾಮಾನ್ಯವಾಗಿ ಕುಸ್ತಿಪಟು ಬರುವಾಗ ಅವನ ಹಾಡು ಹಾಕಿ, ರಿಂಗಿಗೆ ಇಳಿದ ಮೇಲೆ ನಿಲ್ಲಿಸುತ್ತಾರೆ. ಇಸಿಡಬ್ಲ್ಯೂನಲ್ಲಿ ನ್ಯೂ ಜ್ಯಾಕ್ ಎಂಬವನ ಪಂದ್ಯಕ್ಕೆ ಹಾಡು ನಿಲ್ಲುತ್ತಲೇ ಇರಲಿಲ್ಲ. ಪಂದ್ಯ ಮುಗಿಯುವವರೆಗೆ ಅದೇ ಹಾಡು ಮತ್ತೆ ಮತ್ತೆ, ಅದರ ಪೆಟ್ಟಿನ ಮೇಲೆ ಇವನ ಪೆಟ್ಟು. ಈಟ್ ದ ಟರ್ನ್‌ಬಕಲ್ ಮಾಡಿದ್ದು ಇದನ್ನೇ ತಿರುಗಿಸಿ: ಹೊಡೆದಾಟದ ಹಿಂದೆ ಹಾಡು ಇಡುವ ಬದಲು, ಹಾಡಿನೊಳಗೆ ಹೊಡೆದಾಟ ಇಟ್ಟರು.

2001ರಲ್ಲಿ ಇಸಿಡಬ್ಲ್ಯೂ ಮುಚ್ಚಿತು. ಅಷ್ಟರಲ್ಲಿ, 1999ರಲ್ಲಿ, ಸಿಝಡ್‌ಡಬ್ಲ್ಯೂ ಅನ್ನುವ ಇನ್ನೂ ಉಗ್ರ ಕಂಪನಿ ಅದೇ ಪ್ರದೇಶದಲ್ಲಿ ಹುಟ್ಟಿತ್ತು. ಜಪಾನಿನ ಟ್ಯೂಬ್‌ಲೈಟ್ ಶೈಲಿಯನ್ನು ಅಮೆರಿಕದಲ್ಲಿ ಬೆಳೆಸಿದವರಲ್ಲಿ ಇವರು ಮುಖ್ಯರು. 2002ರಿಂದ "ಟೂರ್ನಮೆಂಟ್ ಆಫ್ ಡೆತ್" ಅಂತ ಡೆತ್‌ಮ್ಯಾಚ್ ಪಂದ್ಯಾವಳಿಯನ್ನೇ ನಡೆಸತೊಡಗಿದರು.

ಇದೇ ಊರಿನಲ್ಲಿ ಹಾರ್ಡ್‌ಕೋರ್ ಸಂಗೀತಕ್ಕೂ ದೊಡ್ಡ ಬಳಗವಿದೆ. ಒಂದು ಚರ್ಚಿನ ನೆಲಮಾಳಿಗೆ ಅಲ್ಲಿನ ಪಂಕ್ ಕಛೇರಿಗಳಿಗೆ ಹೆಸರುವಾಸಿ. 2006ರಿಂದ "ದಿಸ್ ಈಸ್ ಹಾರ್ಡ್‌ಕೋರ್" ಎಂಬ ಹಬ್ಬವೂ ನಡೆಯುತ್ತಿದೆ. ಸಣ್ಣ ಕುಸ್ತಿ ಕಂಪನಿಗೂ ಸಣ್ಣ ಬ್ಯಾಂಡಿಗೂ ಬೇಕಾದದ್ದು ಒಂದೇ: ಕಡಿಮೆ ಬಾಡಿಗೆಯ ಹಾಲ್, ಮುನ್ನೂರು ಕುರ್ಚಿ, ಬಾಗಿಲಲ್ಲಿ ಟಿಕೆಟ್ ಹರಿಯಲು ಒಬ್ಬ, ಮೂಲೆಯಲ್ಲಿ ಟೀಶರ್ಟ್ ಮಾರುವ ಮೇಜು. ಮಾಜಿ ಸೈನಿಕರ ಸಂಘದ ಹಾಲ್‌ನಲ್ಲಿ ಶನಿವಾರ ಬ್ಯಾಂಡು, ಭಾನುವಾರ ಕುಸ್ತಿ ಅನ್ನುವುದು ಅಮೆರಿಕದ ಸಣ್ಣ ಊರುಗಳಲ್ಲಿ ವಿಶೇಷವೇ ಅಲ್ಲ. ಅದೇ ಹುಡುಗರು ಎರಡಕ್ಕೂ ಬರುತ್ತಾರೆ. ಹೀಗಿರುವಾಗ ಎರಡೂ ಒಂದೇ ರಾತ್ರಿ, ಒಂದೇ ವೇದಿಕೆಯಲ್ಲಿ ನಡೆದರೆ ಆಶ್ಚರ್ಯವೇನು?

ಇವರಿಗಿಂತ ಮೊದಲು

ಈ ನಂಟು ಒಂದು ಬ್ಯಾಂಡಿನಿಂದ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ "ಇನ್‌ಕ್ರೆಡಿಬ್ಲಿ ಸ್ಟ್ರೇಂಜ್ ರೆಸ್ಲಿಂಗ್" ಅಂತ ಒಂದು ನಡೆಯುತ್ತಿತ್ತು. ಒಂದು ಪಂಕ್ ಬ್ಯಾಂಡು, ಒಂದು ಕುಸ್ತಿ, ಮತ್ತೆ ಬ್ಯಾಂಡು. ಅಲ್ಲಿ ಮುಳ್ಳುತಂತಿ ಇರಲಿಲ್ಲ. ಪ್ರೇಕ್ಷಕರು ರಿಂಗಿಗೆ ಎಸೆಯುತ್ತಿದ್ದದ್ದು ಟೋರ್ಟಿಯಾ, ಅಂದರೆ ಮೆಕ್ಸಿಕೊದ ರೊಟ್ಟಿ.

ಬಾಬ್ ಮೋಲ್ಡ್ ಇನ್ನೊಂದು ಉದಾಹರಣೆ. ಹಾರ್ಡ್‌ಕೋರಿನಿಂದ ಬಂದ ಹುಸ್ಕರ್ ಡು ಬ್ಯಾಂಡಿನ ಗಾಯಕ, ಗಿಟಾರ್ ವಾದಕ. 1999ರ ಹೊತ್ತಿಗೆ ಡಬ್ಲ್ಯೂಸಿಡಬ್ಲ್ಯೂ ಕುಸ್ತಿ ಕಂಪನಿಗೆ ಕಥೆ ಬರೆಯುವ ತಂಡದಲ್ಲಿ ಕೆಲಸ ಮಾಡಿದರು. ಡಬ್ಲ್ಯೂಡಬ್ಲ್ಯೂಇಯ ಸಿಎಂ ಪಂಕ್ ನಿಮಗೆ ಗೊತ್ತಿರಬಹುದು. ಅವನ ಕೈಮೇಲಿನ ಎಕ್ಸ್ ಗುರುತು ಹಾರ್ಡ್‌ಕೋರಿನ "ಸ್ಟ್ರೇಟ್ ಎಡ್ಜ್" ಬಳಗದ್ದು. ಕುಡಿತ, ಸಿಗರೇಟು, ಡ್ರಗ್ಸ್ ಬೇಡ ಅನ್ನುವವರ ಗುರುತು. ಆ ಹೆಸರು ಬಂದದ್ದು ಮೈನರ್ ಥ್ರೆಟ್‌ನ ಒಂದು ಹಾಡಿನಿಂದ. 2017ರ ಆಗಸ್ಟ್‌ನಲ್ಲಿ ಬ್ರೂಕ್ಲಿನ್ನಿನ ದೊಡ್ಡ ಅಖಾಡದಲ್ಲಿ ಕೋಡ್ ಆರೆಂಜ್ ಎಂಬ ಹಾರ್ಡ್‌ಕೋರ್ ಬ್ಯಾಂಡು ಒಬ್ಬ ಕುಸ್ತಿಪಟುವಿನ ಪ್ರವೇಶಕ್ಕೆ ಎದುರಲ್ಲೇ ನಿಂತು ನುಡಿಸಿತು.

ಇವೆಲ್ಲದರಲ್ಲೂ ಹಾಡು ಹಾಡಿನ ಜಾಗದಲ್ಲಿ, ಕುಸ್ತಿ ಕುಸ್ತಿಯ ಜಾಗದಲ್ಲಿ ಇದ್ದವು. ನಮ್ಮ ಫಿಲಡೆಲ್ಫಿಯಾದವರು ನಡುವಿನ ಗೋಡೆ ಕೆಡವಿದರು.

ವೇದಿಕೆಯ ಮೇಲೆ ಏನು ಬದಲಾಗುತ್ತದೆ?

ಕುಸ್ತಿಯ ರಿಂಗು ಪೂರ್ತಿ ಗಟ್ಟಿ ನೆಲವಲ್ಲ. ಕಬ್ಬಿಣದ ಚೌಕಟ್ಟು, ಮೇಲೆ ಹಲಗೆ, ಅದರ ಮೇಲೆ ತೆಳು ಫೋಮು, ಕ್ಯಾನ್ವಾಸ್. ಬಿದ್ದಾಗ ಸ್ವಲ್ಪ ಬಾಗುತ್ತದೆ. ಸಂಗೀತದ ವೇದಿಕೆಗೆ ಆ ದಯೆ ಇಲ್ಲ. ಅಲ್ಲಿ ಸ್ಪೀಕರುಗಳ ಮೂಲೆ, ಕೇಬಲ್ಲು, ಡ್ರಮ್ ಸ್ಟ್ಯಾಂಡು. ರಿಂಗಿನ ಡೆತ್‌ಮ್ಯಾಚಿನಲ್ಲಿ ಇಬ್ಬರು ಕಾದಾಡಿದರೆ ಉಳಿದವರೆಲ್ಲ ದೂರ. ಇಲ್ಲಿ ಒಬ್ಬನ ತಲೆ ಮೇಲೆ ಗಾಜು ಒಡೆಯುವಾಗ ಎರಡಡಿ ಪಕ್ಕದಲ್ಲಿ ಇನ್ನೊಬ್ಬ ತಾಳ ತಪ್ಪದೆ ನುಡಿಸುತ್ತಿರಬೇಕು.

ಕಥೆಯೂ ಬದಲಾಗುತ್ತದೆ. ರಿಂಗಿನಲ್ಲಿ ಒಳ್ಳೆಯವನು, ಕೆಟ್ಟವನು, ಸೋಲು, ಗೆಲುವು ಇರುತ್ತದೆ. ಹದಿನೈದು ನಿಮಿಷ ಕಟ್ಟಿ ಕೊನೆಗೆ ಬಿಡಿಸುವ ಗಂಟು ಅದು. ಒಂದೆರಡು ನಿಮಿಷದ ಹಾಡಿನಲ್ಲಿ ಅದಕ್ಕೆಲ್ಲ ಜಾಗವಿಲ್ಲ. ಹಾಗಾಗಿ ಇಲ್ಲಿ ಯಾರು ಗೆದ್ದರು ಅಂತ ಯಾರೂ ಕೇಳುವುದಿಲ್ಲ. ಕುಸ್ತಿಯಿಂದ ಕಥೆ ತೆಗೆದು ಪೆಟ್ಟನ್ನು ಮಾತ್ರ ಉಳಿಸಿಕೊಂಡಂತೆ. ಇದು ಕುಸ್ತಿಗೆ ನಷ್ಟ ಅಂತ ನನ್ನ ಅಂದಾಜು. ಕೀಚಕ, ಭೀಮ ಯಾರೂ ಇಲ್ಲದೆ ಬರೀ ಚಂಡೆ, ಬರೀ ಕುಣಿತ ನೋಡಿದ ಹಾಗೆ. ಆದರೆ ಚಂಡೆಯ ಸದ್ದಿಗೇ ರೋಮಾಂಚನವಾಗುವವರೂ ಇದ್ದಾರೆ ಅಲ್ವಾ?

ನೋಡುವವರ ಪಾಲೂ ಬೇರೆ. ಕುಸ್ತಿಯಲ್ಲಿ ಪ್ರೇಕ್ಷಕನಿಗೆ ಕುರ್ಚಿ, ಮುಂದೆ ಕಟಕಟೆ. ಹಾರ್ಡ್‌ಕೋರಿನಲ್ಲಿ ಅವನು ಆಗಲೇ ಪಿಟ್ಟಿನಲ್ಲಿ ಬೆವರುತ್ತಿರುತ್ತಾನೆ, ಮೊಣಕೈ ಪೆಟ್ಟು ತಿಂದಿರುತ್ತಾನೆ. ಎದುರಿಗೆ ರಕ್ತ ಸುರಿಸುತ್ತಿರುವವನೂ ತಾನೂ ಒಂದೇ ಆಟದಲ್ಲಿದ್ದೇವೆ ಅನ್ನಿಸುತ್ತದೆ. ಆ ಕಿರುಚಾಟದ ಖುಷಿಗೆ ಕಾರಣ ಬಹುಮಟ್ಟಿಗೆ ಇದೇ.

"ಇವರಿಗೆ ತಲೆ ಸರಿ ಇದೆಯಾ?"

ಇದು ಮೇಷ್ಟ್ರು ಸ್ಟೀಲ್‌ನನ್ನು ವಾಪಸ್ ಕರೆಯುವ ಹೊತ್ತು. ಹುಚ್ಚನಂತೆ ಕಾಣುವುದು ಇಲ್ಲಿ ಕೆಲಸದ ಭಾಗ. ಹೊಡೆಯುವವನಿಗೂ ಹೊಡೆಸಿಕೊಳ್ಳುವವನಿಗೂ ಮೊದಲೇ ಮಾತಾಗಿರುತ್ತದೆ. ಎಲ್ಲಿ ಹೊಡೆಯಬೇಕು, ಎಲ್ಲಿ ಕೂಡದು ಅನ್ನುವುದು ಗೊತ್ತಿರುತ್ತದೆ. ತನ್ನ ಮೈಯನ್ನು ಇನ್ನೊಬ್ಬನ ಕೈಗೆ ಒಪ್ಪಿಸುವಷ್ಟು ನಂಬಿಕೆ ಇಲ್ಲದೆ ಈ ಕೆಲಸ ನಡೆಯುವುದೇ ಇಲ್ಲ.

ನಂಬಿಕೆ ಇದ್ದ ಮಾತ್ರಕ್ಕೆ ಗಾಜು ಹೇಳಿದ ಮಾತು ಕೇಳುತ್ತದೆ ಅಂತಲ್ಲ. 2009ರಲ್ಲಿ ಡೆಲಾವೇರ್ ರಾಜ್ಯದಲ್ಲಿ ನಡೆದ ಟೂರ್ನಮೆಂಟ್ ಆಫ್ ಡೆತ್‌ನಲ್ಲಿ ನಿಕ್ ಗೇಜ್ ಎಂಬ ಹೆಸರಾಂತ ಡೆತ್‌ಮ್ಯಾಚ್ ಪಟುವಿಗೆ ಟ್ಯೂಬ್‌ಲೈಟಿನ ಗಾಜು ಕಂಕುಳ ಬಳಿ ಆಳವಾಗಿ ಹೊಕ್ಕಿತು. ಅಲ್ಲಿ ದೊಡ್ಡ ರಕ್ತನಾಳವಿದೆ. ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅವನು ಬದುಕಿ, ಮತ್ತೆ ರಿಂಗಿಗೂ ಬಂದ.

ಕಣ್ಣಿಗೆ ಕಾಣದ ಅಪಾಯ ಇನ್ನೊಂದು. ಒಬ್ಬರ ರಕ್ತ ಇನ್ನೊಬ್ಬರ ಗಾಯಕ್ಕೆ ತಾಗಿದರೆ ಹೆಪಟೈಟಿಸ್‌ನಂಥ ಸೋಂಕು ದಾಟಬಹುದು. ಬೆದರಿಸಲು ಹೇಳುವ ಮಾತಲ್ಲ ಇದು. ಒಂದೇ ಬ್ಲೇಡಿನಿಂದ ತನಗೆ ಹೆಪಟೈಟಿಸ್ ಸಿ ಅಂಟಿತು ಅಂತ ಕೆನಡಾದ ಒಬ್ಬ ಕುಸ್ತಿಪಟು ಹಿರಿಯ ಪಟುವೊಬ್ಬನ ಮೇಲೆ ದಾವೆ ಹೂಡಿದ್ದ. 2014ರಲ್ಲಿ ಒಂಟಾರಿಯೊ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟು, ದೊಡ್ಡ ಮೊತ್ತದ ಪರಿಹಾರ ಕೊಡಿಸಿತು. ಟ್ಯೂಬ್‌ಲೈಟಿನೊಳಗೆ ಪಾದರಸವೂ ಇರುತ್ತದೆ, ಕೆಲವೇ ಮಿಲಿಗ್ರಾಂ. ಮನೆಯಲ್ಲಿ ಒಂದು ಒಡೆದರೂ ಕಿಟಕಿ ತೆರೆದಿಟ್ಟು ಸ್ವಲ್ಪ ಹೊತ್ತು ಆ ಕೋಣೆಯಿಂದ ಹೊರಗಿರಬೇಕು. ಮುಚ್ಚಿದ ಹಾಲಿನಲ್ಲಿ ಒಂದೇ ರಾತ್ರಿ ಹತ್ತಾರು ಒಡೆಯುವವರು, ಅವರ ಎದುರು ನಿಂತವರು ಆ ಪುಡಿಯನ್ನು ಉಸಿರಾಡುತ್ತಾರೆ. ಆದ್ದರಿಂದ ಮನೆಯಲ್ಲಿ ಮಕ್ಕಳು ಈ ವಿಡಿಯೊ ನೋಡುತ್ತಿದ್ದರೆ ಗಾಜಿನ ಜೊತೆ ಈ ಪುಡಿಯ ಮಾತನ್ನೂ ಹೇಳುವುದು ಒಳ್ಳೆಯದು.

ಕಾನೂನು ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವು ಕಡೆ ಕುಸ್ತಿಯೂ ಕ್ರೀಡಾ ಆಯೋಗದ ಕೈಕೆಳಗೆ ಬರುತ್ತದೆ, ಕೆಲವು ಕಡೆ ಇಲ್ಲ. ಬ್ಯಾಂಡಿನ ಕಾರ್ಯಕ್ರಮವನ್ನು ಕುಸ್ತಿ ಅನ್ನಬೇಕೋ ಸಂಗೀತ ಅನ್ನಬೇಕೋ ಅನ್ನುವ ಮೊದಲಿನ ಪ್ರಶ್ನೆ ಇಲ್ಲಿ ಬರೀ ತಮಾಷೆಯಾಗಿ ಉಳಿಯುವುದಿಲ್ಲ.

ಸುರುಸುರುಬತ್ತಿಯಾದ ಬಾಂಬು, ಸಿಗದ ಟ್ಯೂಬು

ಈ ಲೋಕದಲ್ಲಿ ಅತಿ ದೊಡ್ಡ ಭಯ ಗಾಯದ್ದಲ್ಲ, ಠುಸ್ ಆಗುವುದರದ್ದು. 2021ರ ಮಾರ್ಚ್‌ನಲ್ಲಿ ಎಇಡಬ್ಲ್ಯೂ ಎಂಬ ದೊಡ್ಡ ಕಂಪನಿ ಒನಿಟಾನ ಶೈಲಿಯ ಸಿಡಿಮದ್ದಿನ ಪಂದ್ಯ ಇಟ್ಟಿತ್ತು. ಜಾನ್ ಮಾಕ್ಸ್‌ಲಿ ಮತ್ತು ಕೆನ್ನಿ ಒಮೆಗಾ ನಡುವೆ. ಶುರುವಾಗಿ ಮೂವತ್ತು ನಿಮಿಷಕ್ಕೆ ಇಡೀ ರಿಂಗೇ ಸ್ಫೋಟವಾಗುತ್ತದೆ ಅಂತ ಪ್ರಚಾರ. ಗಡಿಯಾರ ಸೊನ್ನೆಗೆ ಬಂತು. ನಾಲ್ಕು ಮೂಲೆಯಲ್ಲಿ ಸುರುಸುರುಬತ್ತಿಯಂತೆ ಒಂದಿಷ್ಟು ಕಿಡಿ, ಸ್ವಲ್ಪ ಹೊಗೆ. ಒದ್ದೆಯಾದ ಲಕ್ಷ್ಮಿ ಪಟಾಕಿಯ ಮುಂದೆ ಕಿವಿ ಮುಚ್ಚಿಕೊಂಡು ನಿಂತ ಅನುಭವ ಯಾರಿಗಿಲ್ಲ?

ಟ್ಯೂಬ್‌ಲೈಟಿಗೆ ಆ ಸಮಸ್ಯೆ ಇರಲಿಲ್ಲ. ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತಿತ್ತು, ಹೊಡೆದರೆ ಡಬ್ ಅನ್ನುವುದು ಖಾತ್ರಿ. ಈಗ ಎಲ್ಲ ಕಡೆ ಎಲ್‌ಇಡಿ ಬಂದಿದೆ. ನಮ್ಮ ಮನೆಗಳಲ್ಲೇ ನೋಡಿ, ಹಳೇ ಉದ್ದನೆಯ ಪಟ್ಟಿ, ಚೋಕು, ಸ್ಟಾರ್ಟರ್ ಎಲ್ಲ ಅಟ್ಟ ಸೇರಿವೆ. ಎಲ್‌ಇಡಿ ಟ್ಯೂಬು ಬಹುಪಾಲು ಪ್ಲಾಸ್ಟಿಕ್ಕು. ಗಾಜಿನದಾದರೂ ಒಳಗೆ ಒತ್ತಡದ ವ್ಯತ್ಯಾಸ ಇಲ್ಲ, ಬಿಳಿ ಪುಡಿಯ ಹೊಗೆಯೂ ಏಳುವುದಿಲ್ಲ. ಯಾರದೋ ತಲೆಗೆ ಅದರಲ್ಲಿ ಹೊಡೆದರೆ ಟಕ್ ಅನ್ನುತ್ತದೆ, ಏಟು ಮಾತ್ರ ಜೋರಾಗಿಯೇ ಬೀಳುತ್ತದೆ.